ಮಲದ ಡಬ್ಬಿಯಿಂದ ಡಿಎನ್‌ಎವರೆಗೆ: ಮೈಕ್ರೋಬಯೋಮ್ ಲ್ಯಾಬಿನಲ್ಲಿ ನನ್ನ ಅನುಭವ

ನಾನೇನು ಕೆಲಸ ಮಾಡುತ್ತೇನೆ ಅಂತ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಮೂಗು ಮುಚ್ಚಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕಕ್ಕೆ ಕರೆದು ತಮ್ಮ ಹೊಟ್ಟೆಯ ಕಥೆ ಶುರು ಮಾಡುತ್ತಾರೆ.

ಬೆಂಗಳೂರಿನ ಒಂದು ಸಂಶೋಧನಾ ತಂಡದಲ್ಲಿದ್ದೇನೆ. ಐಬಿಎಸ್ ಇರುವವರ ಕರುಳಿನ ಬ್ಯಾಕ್ಟೀರಿಯಾಗಳಿಗೂ ಇಲ್ಲದವರ ಬ್ಯಾಕ್ಟೀರಿಯಾಗಳಿಗೂ ಏನು ವ್ಯತ್ಯಾಸ ಅಂತ ಮಲದ ಸ್ಯಾಂಪಲ್‌ಗಳಲ್ಲಿ ನೋಡುವುದು ನಮ್ಮ ಕೆಲಸ. ಕರುಳಿನಲ್ಲಿರುವ ಈ ಸೂಕ್ಷ್ಮಜೀವಿಗಳ ಸಮೂಹಕ್ಕೇ ಮೈಕ್ರೋಬಯೋಮ್ ಅನ್ನುವುದು. ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಕ್ಯಾಮೆರಾ ಇರುವ ನಳಿಗೆ ಇಳಿಸಿ ನೋಡುವ ಸ್ಕೋಪಿಯಲ್ಲಿ ಏನೂ ಕಾಣುವುದಿಲ್ಲ, ಆದರೆ ಹೊಟ್ಟೆನೋವು, ಉಬ್ಬರ, ಭೇದಿ ಇಲ್ಲವೇ ಮಲಬದ್ಧತೆ ಬಿಡುವುದೂ ಇಲ್ಲ.

ಮೊದಲ ತಲೆನೋವು, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದು. ನಮ್ಮ ಜನಕ್ಕೆ ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಹಾಗಾಗಿ ಐಬಿಎಸ್ ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಬಂದ ರೋಮ್ 4 ಮಾನದಂಡ ಹಿಡಿದು ಕೂರುತ್ತೇವೆ. ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಜೊತೆಗೆ ಆ ನೋವಿಗೆ ಮೋಷನ್ ಜೊತೆ ಸಂಬಂಧ ಇರುವುದು, ಎಷ್ಟು ಸಲ ಹೋಗುತ್ತಾರೆ ಅನ್ನುವುದು ಬದಲಾಗಿರುವುದು, ಮಲ ಹೇಗಿದೆ ಅನ್ನುವುದು ಬದಲಾಗಿರುವುದು. ಈ ಮೂರರಲ್ಲಿ ಎರಡು ಸಾಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ನೋವೇ ಇಲ್ಲ, ಬರೀ ತೇಗು ಅನ್ನುವವರನ್ನು ಸೇರಿಸುವುದಿಲ್ಲ. ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು ಇಂಥದ್ದು ಕೇಳಿಬಂದರೆ ನಮ್ಮ ಅಧ್ಯಯನ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರ ಹತ್ತಿರ ಕಳಿಸುತ್ತೇವೆ.

ಇನ್ನು ಡಬ್ಬಿ. ಹೊರದೇಶದ ಕಿಟ್‌ಗಳಲ್ಲಿರುವ ಸೂಚನೆಗಳೆಲ್ಲ ವೆಸ್ಟರ್ನ್ ಕಮೋಡ್ ಇದೆ ಅಂದುಕೊಂಡೇ ಬರೆದವು. ಸೀಟಿನ ಮೇಲೆ ತಟ್ಟೆ ಕೂರಿಸಿ ಅನ್ನುತ್ತವೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಂಡಿಯನ್ ಟಾಯ್ಲೆಟ್. ಮಲಕ್ಕೆ ನೀರು ಸೋಕಬಾರದು, ಮೂತ್ರ ಸೇರಬಾರದು, ಫಿನಾಯಿಲ್ ಅಂತೂ ಮುಟ್ಟಲೇಬಾರದು. ಅದಕ್ಕೆ ನಾವೇ ಒಂದು ದಾರಿ ಮಾಡಿಕೊಂಡೆವು. ಮೊದಲು ಮೂತ್ರ ಮಾಡಿ ಮುಗಿಸಿ ಅನ್ನುತ್ತೇವೆ. ಆಮೇಲೆ ಒಣ ನೆಲದ ಮೇಲೆ ದಪ್ಪ ಪೇಪರ್, ಅದರ ಮೇಲೆ ನಾವು ಕೊಟ್ಟ ಪ್ಲಾಸ್ಟಿಕ್ ಹಾಳೆ. ಮುಚ್ಚಳಕ್ಕೇ ಅಂಟಿಕೊಂಡಿರುವ ಪುಟ್ಟ ಚಮಚದಲ್ಲಿ ಎರಡು ಮೂರು ಕಡೆಯಿಂದ ತೆಗೆಯಬೇಕು, ಒಟ್ಟು ಕಡಲೆಕಾಳಿನಷ್ಟು ಸಾಕು. ಇದನ್ನು ಚಿತ್ರ ಬರೆದು ಕೊಟ್ಟ ಮೇಲೆ ಫೋನ್ ಕರೆಗಳು ಕಡಿಮೆಯಾದವು. ಬಾಯಲ್ಲಿ ಹೇಳುವಾಗ ಅವರಿಗೂ ಸಂಕೋಚ, ನಮಗೂ ಸಂಕೋಚ. ಚಿತ್ರಕ್ಕೆ ಆ ಸಂಕೋಚ ಇಲ್ಲ.

ಸ್ಯಾಂಪಲ್ ತೆಗೆದಾಯಿತು, ಇಡುವುದೆಲ್ಲಿ? ಹೊರಗೇ ಬಿಟ್ಟರೆ ಕೆಲವು ಬ್ಯಾಕ್ಟೀರಿಯಾ ಬೆಳೆಯುತ್ತಾ ಹೋಗುತ್ತವೆ, ಕೆಲವು ಸಾಯುತ್ತವೆ. ನಮಗೆ ಬೇಕಾದ ಲೆಕ್ಕವೇ ಕೆಡುತ್ತದೆ. ಲ್ಯಾಬಿನಲ್ಲಿ ಮೈನಸ್ 80 ಡಿಗ್ರಿ ಫ್ರೀಜರ್ ಇದೆ. ಮನೆಯಲ್ಲಿ? ಫ್ರಿಜ್ಜಿನಲ್ಲಿಡಿ ಅಂದಾಗ ಒಬ್ಬ ಅಜ್ಜಿ ನೇರವಾಗಿ ಕೇಳಿದರು: "ಅಲ್ಲಮ್ಮಾ, ದೇವರ ನೈವೇದ್ಯದ ಹಾಲು ಅಲ್ಲೇ ಇರುತ್ತೆ. ಅದ್ರ ಪಕ್ಕ ಇದನ್ನ ಇಡು ಅಂತೀಯಲ್ಲ?" ಅವರ ಮಾತಿನಲ್ಲಿ ತಪ್ಪೇನಿದೆ ಹೇಳಿ. ಫ್ರಿಜ್ಜಿನ ವಿಷಯ ಅಲ್ಲಿಗೇ ಬಿಟ್ಟು 95% ಇಥನಾಲ್ (ಆಲ್ಕೋಹಾಲ್) ತುಂಬಿದ ಟ್ಯೂಬ್ ಕೊಡಲು ಶುರು ಮಾಡಿದೆವು. ಅದರಲ್ಲಿ ಹಾಕಿ ಚೆನ್ನಾಗಿ ಕುಲುಕಿದರೆ ಫ್ರಿಜ್ ಬೇಡ. ಶೇಕಡಾ 95 ಅನ್ನುವುದು ಮುಖ್ಯ. ಸ್ಪಿರಿಟ್ ಅಂತ ಸಿಗುವ 70%ರದ್ದರಲ್ಲಿ ಬ್ಯಾಕ್ಟೀರಿಯಾಗಳ ಲೆಕ್ಕ ಹಾಗೇ ನಿಲ್ಲುವುದಿಲ್ಲ. ಅಂದ ಹಾಗೆ, ಟ್ಯೂಬನ್ನು ಗ್ಯಾಸ್ ಒಲೆ, ದೀಪದಿಂದ ದೂರ ಇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯುವುದು ಮರೆಯಬೇಡಿ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಒತ್ತಿ ಹೇಳುವ ವಿಷಯ ಇಲ್ಲೇ ಇದೆ. ರೋಗಿಗಳ ಸ್ಯಾಂಪಲ್ಲನ್ನು ಆಸ್ಪತ್ರೆಯಿಂದ ನೇರ ಫ್ರೀಜರ್‌ಗೆ ಹಾಕಿ, ಆರೋಗ್ಯವಂತರದ್ದನ್ನು ಮನೆಯಿಂದ ಇಥನಾಲಿನಲ್ಲಿ ತರಿಸಿದರೆ ಎರಡೂ ಗುಂಪಿನ ನಡುವೆ ವ್ಯತ್ಯಾಸ ಖಂಡಿತ ಕಾಣುತ್ತದೆ. ಅದು ರೋಗದ್ದೋ ಇಥನಾಲಿನದ್ದೋ ಅಂತ ಆಮೇಲೆ ಯಾವ ಕಂಪ್ಯೂಟರೂ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗೂ ಒಂದೇ ಟ್ಯೂಬ್, ಒಂದೇ ವಿಧಾನ.

ಮಾತ್ರೆಗಳ ವಿಚಾರ ಇದಕ್ಕಿಂತ ಸೂಕ್ಷ್ಮ. ಇತ್ತೀಚೆಗೆ ಆ್ಯಂಟಿಬಯಾಟಿಕ್ ತಗೊಂಡವರನ್ನು ನಾವು ಸೇರಿಸುವುದಿಲ್ಲ. ಆದರೆ "ಆ್ಯಂಟಿಬಯಾಟಿಕ್ ತಗೊಂಡಿದ್ದೀರಾ?" ಅಂತ ಕೇಳಿದರೆ ಇಲ್ಲ ಅನ್ನುವವರೇ ಜಾಸ್ತಿ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರಿಗೆ ಅದು ಬರೀ ಜ್ವರದ ಮಾತ್ರೆ, ಲೂಸ್ ಮೋಷನ್ ಮಾತ್ರೆ. ಮೆಡಿಕಲ್ ಸ್ಟೋರಿನವರು ಹಾಗೇ ಹೇಳಿ ಕೊಟ್ಟಿರುತ್ತಾರೆ. ಈಗ ನಾನು ಹಾಗೆ ಕೇಳುವುದೇ ಇಲ್ಲ. ಮನೆಯಲ್ಲಿ ಮಾತ್ರೆ ಇಡುವ ಡಬ್ಬ ತನ್ನಿ ಅನ್ನುತ್ತೇನೆ. ಬಿಸ್ಕತ್ತಿನ ಹಳೇ ಡಬ್ಬ ಬರುತ್ತದೆ. ಅದರೊಳಗೆ ಅರ್ಧ ಹರಿದ ಸ್ಟ್ರಿಪ್‌ಗಳು. ಹಿಂದುಗಡೆ ತಿರುಗಿಸಿ ಓದಿದರೆ ಅಜಿತ್ರೋಮೈಸಿನ್, ಇನ್ನೊಂದರ ಮೇಲೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್. ಯಾವಾಗ ತಗೊಂಡಿದ್ದು ಅಂತ ಕೇಳಿದರೆ "ಮೊನ್ನೆ ಜಾತ್ರೆಗೆ ಹೋಗಿ ಬಂದ ಮೇಲೆ" ಅನ್ನುತ್ತಾರೆ. ಅಷ್ಟು ಸಾಕು, ತಾರೀಖು ನಾವೇ ಹುಡುಕಿಕೊಳ್ಳುತ್ತೇವೆ.

ಅದೇ ಡಬ್ಬದಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ, ಆ್ಯಸಿಡ್ ಇಳಿಸುವ ಪ್ಯಾಂಟೊಪ್ರಜೋಲ್ ಇದ್ದೇ ಇರುತ್ತದೆ. ಅದನ್ನು ಮಾತ್ರೆ ಅಂತಲೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ವರ್ಷಗಟ್ಟಲೆ ನುಂಗುತ್ತಾರೆ. ಹೊಟ್ಟೆಯ ಆ್ಯಸಿಡ್ ಕಡಿಮೆಯಾದಾಗ ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಾಯದೆ ಕೆಳಗಿಳಿದು ಮಲದಲ್ಲಿ ಜಾಸ್ತಿ ಕಾಣುತ್ತವೆ. ಇದು ಬೇರೆ ಬೇರೆ ದೇಶಗಳ ದೊಡ್ಡ ಅಧ್ಯಯನಗಳಲ್ಲೇ ಗೊತ್ತಾಗಿದೆ. ಹೊಟ್ಟೆ ಸರಿಯಿಲ್ಲದವರೇ ಈ ಮಾತ್ರೆ ಜಾಸ್ತಿ ತಗೊಳ್ಳುವುದು ಅಲ್ವಾ? ಇದನ್ನು ಬರೆದಿಟ್ಟುಕೊಳ್ಳದಿದ್ದರೆ ಮಾತ್ರೆಯ ಪರಿಣಾಮವನ್ನೇ ಐಬಿಎಸ್ ಲಕ್ಷಣ ಅಂತ ಬರೆದುಬಿಡುತ್ತೇವೆ.

ಜೊತೆಗೆ ಬ್ರಿಸ್ಟಲ್ ಚಾರ್ಟ್. ಗಟ್ಟಿ ಉಂಡೆಯಿಂದ ಪೂರ್ತಿ ನೀರಿನವರೆಗೆ ಮಲದ 7 ಚಿತ್ರಗಳು. ತೋರಿಸಿದ ತಕ್ಷಣ ಎಲ್ಲರೂ ನಗುತ್ತಾರೆ, ಆಮೇಲೆ ಸರಿಯಾಗಿ ಬೆರಳಿಡುತ್ತಾರೆ. ಈ ಚಾರ್ಟು ತಮಾಷೆಯ ವಸ್ತುವಲ್ಲ. ಮಲ ಎಷ್ಟು ಗಟ್ಟಿ ಅನ್ನುವುದಕ್ಕೂ ಅದರಲ್ಲಿ ಎಷ್ಟು ಬಗೆಯ ಬ್ಯಾಕ್ಟೀರಿಯಾ ಇವೆ ಅನ್ನುವುದಕ್ಕೂ ನೇರ ನಂಟಿದೆ. ಬೆಲ್ಜಿಯಂನವರು ಇದನ್ನು ಚೆನ್ನಾಗಿ ತೋರಿಸಿದ್ದಾರೆ.

ಲ್ಯಾಬಿನ ಒಳಗಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಟ್ಯೂಬಿಗೆ ಮರಳಿಗಿಂತ ಸ್ವಲ್ಪ ದಪ್ಪನೆಯ ಜಿರ್ಕೋನಿಯಾ (ಗಟ್ಟಿ ಪಿಂಗಾಣಿಯಂಥ ವಸ್ತು) ಮಣಿಗಳನ್ನು ಹಾಕಿ ಯಂತ್ರದಲ್ಲಿ ಗಡಗಡ ಅಂತ ಅಲ್ಲಾಡಿಸುತ್ತೇವೆ. ಬೈಫಿಡೋಬ್ಯಾಕ್ಟೀರಿಯಂ ಥರದ ಬ್ಯಾಕ್ಟೀರಿಯಾಗಳ ಗೋಡೆ ದಪ್ಪ. ಹೀಗೆ ಜಜ್ಜದಿದ್ದರೆ ಅವುಗಳ ಡಿಎನ್‌ಎ ಹೊರಗೇ ಬರುವುದಿಲ್ಲ, ಹೊಟ್ಟೆಯಲ್ಲಿ ಅವು ಕಡಿಮೆ ಅಂತ ವರದಿ ಬರುತ್ತದೆ. ಪ್ರತಿ ಸಲ ಮಲವೇ ಇಲ್ಲದ ಒಂದು ಖಾಲಿ ಟ್ಯೂಬನ್ನೂ ಇದೇ ಹಾದಿಯಲ್ಲಿ ಕಳಿಸುತ್ತೇವೆ. ಅದರಲ್ಲೂ ಕೆಲವು ಬ್ಯಾಕ್ಟೀರಿಯಾಗಳ ಹೆಸರು ಬರುತ್ತವೆ! ಅವು ಕಿಟ್‌ನಿಂದ, ನೀರಿನಿಂದ ಬಂದವು. ಕೊನೆಗೆ 16ಎಸ್ ಜೀನ್ ಓದಿಸುತ್ತೇವೆ. ಸುಮಾರು 1500 ಡಿಎನ್‌ಎ ಅಕ್ಷರಗಳ ಈ ಜೀನ್ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇದೆ. ಅದರೊಳಗೆ 9 ಕಡೆ ಮಾತ್ರ ಒಂದಕ್ಕೊಂದು ಚೆನ್ನಾಗಿ ಬೇರೆ. ಅದರಲ್ಲಿ ಎರಡು ಜಾಗ ಓದಿ ಯಾವ ಕುಲದ್ದು ಅಂತ ಗುರುತಿಸುತ್ತೇವೆ.

ಅನ್ನ, ಬೇಳೆ, ಸೊಪ್ಪು ತಿನ್ನುವ ನಮ್ಮವರಲ್ಲಿ ಪ್ರಿವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಧಾರಾಳ. ಭಾರತದ ಬೇರೆ ತಂಡಗಳೂ ಇದನ್ನೇ ಕಂಡಿವೆ. ಅಮೆರಿಕದವರ ಕರುಳಿನ ಬ್ಯಾಕ್ಟೀರಿಯಾ ಚಿತ್ರದ ಪಕ್ಕ ನಮ್ಮದನ್ನಿಟ್ಟು 'ಕೆಟ್ಟಿದೆ' ಅನ್ನುವ ವರದಿಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಸ್ಯಾಂಪಲ್ ಕೊಟ್ಟವರು ಕೇಳುವುದು ಒಂದೇ: "ನಂದು ಒಳ್ಳೇದಿದ್ಯಾ ಮೇಡಂ?" ಶುಗರ್ ಟೆಸ್ಟಿನ ಹಾಗೆ ಇಷ್ಟರಿಂದ ಇಷ್ಟರೊಳಗೆ ಅನ್ನುವ ಅಳತೆ ಇದಕ್ಕಿಲ್ಲ ಅನ್ನುತ್ತೇನೆ. ನಮಗೆ ಸಿಗುವುದು ಪಾಲು ಮಾತ್ರ. ಒಂದರ ಪಾಲು ಏರಿದರೆ ಇನ್ನೊಂದರದ್ದು ತಾನೇ ಇಳಿಯುತ್ತದೆ. ಪ್ರೊಬಯಾಟಿಕ್ (ಜೀವಂತ ಒಳ್ಳೇ ಬ್ಯಾಕ್ಟೀರಿಯಾ ಇರುವ) ಮಾತ್ರೆ ತಗೊಳ್ಳಲಾ ಅಂತ ಕೇಳಿದವರಿಗೆ, 2020ರಲ್ಲಿ ಅಮೆರಿಕದ ಹೊಟ್ಟೆ ತಜ್ಞರ ಸಂಘವೇ ಐಬಿಎಸ್‌ಗೆ ಅದನ್ನು ಕ್ಲಿನಿಕಲ್ ಟ್ರಯಲ್ ಬಿಟ್ಟು ಬೇರೆ ಕಡೆ ಶಿಫಾರಸು ಮಾಡಲಿಲ್ಲ ಅಂತ ಹೇಳುತ್ತೇನೆ. ಹಾಗಾದ್ರೆ ಮೊಸರು? ಒಗ್ಗುತ್ತದೆ ಅಂದರೆ ಧಾರಾಳವಾಗಿ ತಿನ್ನಿ, ಅದಕ್ಕೆ ನನ್ನ ವರದಿ ಯಾಕೆ.

ಒಂದೇ ದಿನದ ಸ್ಯಾಂಪಲ್ ಹೇಳುವುದು ಆ ದಿನದ ಕಥೆ. ಅದಕ್ಕೆ ಮುಂದಿನ ಸುತ್ತಿನಲ್ಲಿ ಒಬ್ಬರಿಂದಲೇ ಹಲವು ಸಲ ತಗೊಳ್ಳುತ್ತೇವೆ, ನೋವು ಜೋರಾಗಿರುವ ದಿನವೂ, ಆರಾಮಾಗಿರುವ ದಿನವೂ. ಒಪ್ಪಿಗೆ ಪತ್ರ ಹೊಸದಾಗಿ ಬರೆದು ನೈತಿಕ ಸಮಿತಿಗೆ ಕಳಿಸಿದ್ದೇವೆ. ಆ ಅಜ್ಜಿಗೂ ಫೋನ್ ಮಾಡಿದ್ದೆ. "ಫ್ರಿಜ್ ಕೇಳಲ್ಲ ತಾನೇ?" ಅಂದರು. ಇಲ್ಲ ಅಂದೆ, ಒಪ್ಪಿಕೊಂಡರು.