ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕಾರಲ್ಲಿ ಹೊರಟಿದೀರಾ? ಪಾರ್ಕಿಂಗ್ ಕಥೆ ಮೊದಲು ಕೇಳಿ

ನಮ್ಮ ಮನೇಲಿ ರಜ ಶುರು ಆಯ್ತು ಅಂದ್ರೆ ಸಾಕು, ಚಿಕ್ಕವನದ್ದು ಒಂದೇ ರಾಗ, ಡೈನೋಸಾರ್ ನೋಡ್ಬೇಕು ಅಂತ. ಹಂಗಾಗಿ ಬೆಂಗಳೂರಿನ ಕಸ್ತೂರ್ಬಾ ರೋಡಿಗೆ ಕಾರ್ ತಗೊಂಡು ಹೋಗಿ ಎಷ್ಟು ಸಲ ಪೇಚಾಡಿದೀನೋ ಲೆಕ್ಕ ಇಲ್ಲ. ಅದ್ರಲ್ಲಿ ಕಲ್ತಿದ್ದು ಇಷ್ಟೇ, ಮ್ಯೂಸಿಯಂ ಹತ್ರ ಹೋಗಿ ಜಾಗ ಹುಡುಕೋದಲ್ಲ, ಕಾರ್ ಎಲ್ಲಿ ಬಿಡೋದು ಅಂತ ಮನೇಲೇ ಡಿಸೈಡ್ ಮಾಡ್ಕೊಂಡು ಹೊರಡ್ಬೇಕು.

ಮೊದಲು ಮ್ಯಾಪ್ ವಿಷಯ. ಬರೀ ಮ್ಯೂಸಿಯಂ ಅಂತ ಟೈಪ್ ಮಾಡಿ ಅವಸರದಲ್ಲಿ ಮೊದಲು ಬಂದಿದ್ದನ್ನ ಒತ್ಬೇಡಿ, ಮ್ಯೂಸಿಯಂ ರೋಡ್ ಅಂತಾನೇ ಒಂದು ರಸ್ತೆ ಇದೆ, ನಮ್ಮ ಭಾವ ಒಂದ್ಸಲ ಸೀದಾ ಅಲ್ಲಿಗೇ ಹೋಗಿ ನಿಂತ್ಕೊಂಡು ಫೋನ್ ಮಾಡಿದ್ರು, ಇಲ್ಲೆಲ್ಲೂ ಮ್ಯೂಸಿಯಂ ಕಾಣ್ತಿಲ್ವಲ್ಲೋ ಅಂತ. ಸರ್ಕಾರಿ ಮ್ಯೂಸಿಯಂ 1865ರಲ್ಲಿ ಶುರುವಾದಾಗ ಆ ರೋಡಲ್ಲಿತ್ತು, ಆಮೇಲೆ ಈಗಿರೋ ಕೆಂಪು ಕಟ್ಟಡಕ್ಕೆ ಬಂತು, ಹೆಸರು ಮಾತ್ರ ಅಲ್ಲೇ ಉಳ್ಕೊಂಡಿದೆ. ನಮಗೆ ಬೇಕಾಗಿರೋ ವಿಶ್ವೇಶ್ವರಯ್ಯ ಮ್ಯೂಸಿಯಂ ಇರೋದು ಕಸ್ತೂರ್ಬಾ ರೋಡಲ್ಲಿ, ಆ ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲೇ. ಪೂರ್ತಿ ಹೆಸರು ಹಾಕಿ, ಹೊರಗಡೆ ಮಾರುತ್ ವಿಮಾನ, ಸ್ಟೀಮ್ ಇಂಜಿನ್ ಕಂಡ್ರೆ ಅದೇ.

ಮ್ಯೂಸಿಯಂ ಕಾಂಪೌಂಡ್ ಒಳಗೇ ಪಾರ್ಕಿಂಗ್ ಇದೆ, ಆದ್ರೆ ಇರೋದು ಅಷ್ಟೇ ಅಷ್ಟು. ಬಾಗಿಲು ತೆಗೆಯೋದು ಒಂಬತ್ತೂವರೆಗೆ, ಒಂಬತ್ತೂಕಾಲಿಗೆ ನೀವು ಗೇಟ್ ಹತ್ರ ಇದ್ರೆ ಸಿಗೋ ಚಾನ್ಸ್ ಜಾಸ್ತಿ. ತಿಂಡಿ ಮುಗಿಸ್ಕೊಂಡು ಹನ್ನೊಂದಕ್ಕೆ ಹೋಗೋಣ ಅಂದ್ರೆ ಮುಗೀತು, ಅಷ್ಟರಲ್ಲಿ ಊರೂರಿಂದ ಸ್ಕೂಲ್ ಬಸ್ ಬಂದಿರ್ತಾವೆ, ಸೆಕ್ಯೂರಿಟಿಯವರು ದೂರದಿಂದಲೇ ಕೈ ಆಡಿಸ್ತಾರೆ. ಅವರ ಜೊತೆ ವಾದ ಮಾಡ್ತಾ ನಿಂತ್ಕೋಬೇಡಿ, ಹಿಂದೆ ಆಗ್ಲೇ ನಾಲ್ಕು ಗಾಡಿ ಹಾರ್ನ್ ಹೊಡೀತಿರ್ತಾವೆ.

ಜಾಗ ಇಲ್ಲ ಅಂದ್ರೆ ನಾವು ಮಾಡೋದು ಹಿಂಗೆ. ಮಕ್ಕಳು, ಅಜ್ಜಿ, ನೀರಿನ ಬಾಟ್ಲು ಎಲ್ಲಾನೂ ಒಬ್ಬರ ಜೊತೆ ಗೇಟಲ್ಲೇ ಇಳಿಸಿಬಿಡೋದು, ಅವರು ಟಿಕೆಟ್ ಕ್ಯೂನಲ್ಲಿ ನಿಂತಿರ್ತಾರೆ, ಡ್ರೈವ್ ಮಾಡೋರು ಒಬ್ಬರೇ ಹೋಗಿ ಕಾರ್ ಬಿಟ್ಟು ನಡ್ಕೊಂಡು ಬರೋದು. ಹತ್ರದಲ್ಲಿ ನಂಬಬಹುದಾದ ಜಾಗ ಅಂದ್ರೆ ಯುಬಿ ಸಿಟಿ ಮಾಲ್ ಬೇಸ್‌ಮೆಂಟ್, ವಿಠಲ್ ಮಲ್ಯ ರೋಡಲ್ಲಿ, ಹಳಬರು ಗ್ರಾಂಟ್ ರೋಡ್ ಅಂತಾರಲ್ಲ ಅದೇ. ಅಲ್ಲಿಂದ ನಡಿಗೆ ಒಂದು ಹತ್ತು ನಿಮಿಷ, ಫುಟ್‌ಪಾತ್ ಚೆನ್ನಾಗಿದೆ. ಗಂಟೆ ಲೆಕ್ಕದಲ್ಲಿ ದುಡ್ಡು, ಮ್ಯೂಸಿಯಂ ನೋಡೋಕೆ ಮೂರು ನಾಲ್ಕು ಗಂಟೆ ಆರಾಮಾಗಿ ಹಿಡಿಯುತ್ತೆ, ಹಂಗಾಗಿ ಒಳಗೆ ನುಗ್ಗೋಕ್ ಮುಂಚೆ ರೇಟ್ ಬೋರ್ಡ್ ಓದಿ, ಆಮೇಲೆ ಬಿಲ್ ನೋಡಿ ಬೈಕೋಬೇಡಿ. ರೋಡ್ ಸೈಡಲ್ಲಿ ಗೆರೆ ಎಳೆದಿರೋ ಪಾರ್ಕಿಂಗ್ ಖಾಲಿ ಕಂಡ್ರೆ ಅದೂ ಓಕೆ, ಆದ್ರೆ ಗೆರೆ ಒಳಗೇ ನಿಲ್ಸಿ, ಬೋರ್ಡಲ್ಲಿ ಏನ್ ಬರೆದಿದೆ ನೋಡಿ.

ಎಲ್ಲರೂ ನಿಲ್ಲಿಸಿದಾರಲ್ಲ ಅಂತ ನೀವೂ ನಿಲ್ಲಿಸ್ಬೇಡಿ. ನಾನು ಒಂದ್ಸಲ ಒಂದು ಆಟೋ, ಎರಡು ಕಾರಿನ ಹಿಂದೆ ಮರದ ನೆರಳಲ್ಲಿ ನಿಲ್ಸಿ ಖುಷಿಯಾಗಿ ಹೋದೆ, ವಾಪಸ್ ಬಂದಾಗ ಆ ಮೂರೂ ಗಾಡಿ ಇಲ್ಲ, ನನ್ನ ಕಾರ್ ಒಂದೇ, ವೀಲಿಗೆ ಲಾಕ್ ಬಿದ್ದಿದೆ, ಮೇಲೆಲ್ಲ ಕಾಗೆ ಹಿಕ್ಕೆ ಬೇರೆ. ಮಗ ಮಾತ್ರ ಮ್ಯೂಸಿಯಂಗಿಂತ ಆ ಹಳದಿ ಲಾಕನ್ನೇ ಜಾಸ್ತಿ ಹೊತ್ತು ನೋಡ್ದ.

ಪಕ್ಕದ ಕಬ್ಬನ್ ಪಾರ್ಕ್ ಒಳಗೆ ಕಾರ್ ಬಿಡ್ತೀನಿ ಅನ್ನೋರಿಗೆ ಒಂದು ಮಾತು. ಭಾನುವಾರ, ಸರ್ಕಾರಿ ರಜಾ ದಿನ ಪಾರ್ಕ್ ಒಳಗೆ ಗಾಡಿ ಬಿಡಲ್ಲ. ಅಂದ್ರೆ ನಮಗೆ ರಜ ಇರೋ ದಿನವೇ ಅದು ಕ್ಲೋಸು! ಮೇಲಾಗಿ ಪಾರ್ಕಿಗೆ ವಾಕಿಂಗ್ ಬಂದೋರ ಕಾರುಗಳೆಲ್ಲ ಹೊರಗಡೆ ರಸ್ತೇಲೇ ಇರ್ತಾವೆ. ಸಾಧ್ಯ ಆದ್ರೆ ವಾರದ ಮಧ್ಯ ಒಂದು ದಿನ ರಜ ಹಾಕಿ ಹೋಗಿ, ನನ್ನ ಪ್ರಕಾರ ಭಾನುವಾರ ಆ ಕಡೆ ಕಾರ್ ತಗೊಂಡು ಹೋಗೋದೇ ದಂಡ.

ಇನ್ನು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ಇದ್ರೆ ಕಾರ್ ಮುಟ್ಟಲೇಬೇಡಿ. ಮ್ಯಾಚ್ ರಾತ್ರಿ ಇದ್ರೂ ಸುತ್ತಮುತ್ತ ಪಾರ್ಕಿಂಗ್ ಮಧ್ಯಾಹ್ನದಿಂದಲೇ ಬಂದ್ ಮಾಡಿರ್ತಾರೆ. ಕಂಠೀರವ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಇದೆಯಾ ಅಂತಾನೂ ಹಿಂದಿನ ದಿನ ನೋಡ್ಕೊಳ್ಳಿ, ಅದೂ ಅದೇ ರೋಡು.

ಇಂಥ ದಿನ ನಾವು ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ಪಾರ್ಕಿಂಗಲ್ಲಿ ಕಾರ್ ಬಿಟ್ಟು ಪರ್ಪಲ್ ಲೈನ್ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳೀತೀವಿ. ತುಮಕೂರು ರೋಡ್ ಕಡೆಯಿಂದ ಬರೋರು ನಾಗಸಂದ್ರದಲ್ಲಿ ಬಿಟ್ಟು ಮೆಜೆಸ್ಟಿಕ್‌ನಲ್ಲಿ ಬದಲಾಯಿಸ್ಬಹುದು. ಇಳಿದ ಮೇಲೆ ಮಕ್ಕಳ ಜೊತೆ ಹದಿನೈದು ಇಪ್ಪತ್ತು ನಿಮಿಷ ನಡಿಗೆ, ದಾರಿ ಉದ್ದಕ್ಕೂ ಮರ ಇರೋದ್ರಿಂದ ಬಿಸಿಲು ಗೊತ್ತಾಗಲ್ಲ. ಅಜ್ಜಿ ಇದ್ರೆ ಆಟೋ ಮಾಡ್ಕೊಳ್ಳಿ.

ಹಾಂ ಇನ್ನೊಂದು, ಬೇಸ್‌ಮೆಂಟಲ್ಲಿ ಬಿಟ್ರೆ ಕಂಬದ ನಂಬರ್, ಯಾವ ಫ್ಲೋರು ಎರಡೂ ಕಾಣೋ ಹಂಗೆ ಒಂದು ಫೋಟೋ ತೆಗ್ದು ಮನೆಯವರಿಗೂ ಕಳಿಸಿ. ಒಂದ್ಸಲ ನಿದ್ದೆ ಹೋದ ಮಗೂನ ಹೆಗಲ ಮೇಲೆ ಹಾಕ್ಕೊಂಡು ರಿಮೋಟ್ ಒತ್ತುತ್ತಾ ಅರ್ಧ ಗಂಟೆ ಸುತ್ತಿದೀನಿ, ಕೊನೆಗೆ ನೋಡಿದ್ರೆ ಕಾರ್ ಇದ್ದಿದ್ದು ಕೆಳಗಿನ ಫ್ಲೋರಲ್ಲಿ.