ಅಂಟುವಾಳದ ನೊರೆ: ಕೂದಲಿಗೂ ಆಯ್ತು, ಚೇಲೆಗೂ ಆಯ್ತು

ಮೊದಲ ಸಲ ಅಂಟುವಾಳ ಕುದಿಸಿದ ದಿನ ನಾನು ಪಾತ್ರೆಯ ಕಂಠದ ತನಕ ನೀರು ಹಾಕಿದ್ದೆ. ಫೋನ್ ಬಂತು, ಅಂಗಳಕ್ಕೆ ಹೋದೆ. ವಾಪಸ್ ಬಂದು ನೋಡಿದರೆ ಒಲೆಯೇ ಕಾಣುತ್ತಿಲ್ಲ, ಬರೀ ನೊರೆ. ಕಟ್ಟೆಯಿಂದ ಇಳಿದು ನೆಲಕ್ಕೂ ಬಂದಿತ್ತು. ಅತ್ತೆ ಬೈಯಲಿಲ್ಲ. "ಹೇಗೂ ಚೆಲ್ಲಿದೆ, ಅದರಲ್ಲೇ ನೆಲ ಒರೆಸಿಬಿಡು" ಅಂದರು. ಒರೆಸಿದೆ. ಕೊಳೆ ಹೋಯಿತು, ಆದರೆ ಮೂರು ಸಲ ನೀರು ಹಾಕಿದರೂ ಕಾಲಿಗೆ ಅಂಟುತ್ತಿತ್ತು. ಅಂಟುವಾಳದ ಗುಟ್ಟೆಲ್ಲ ಅಳತೆಯಲ್ಲಿದೆ ಅಂತ ಅವತ್ತು ಗೊತ್ತಾಯಿತು.

ನೊರೆಕಾಯಿ ಅಂತಲೂ ಕರೆಯುವ ಈ ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ಅಂಶ ಇದೆ. ನೊರೆ ಬರುವುದು, ಜಿಡ್ಡು ಬಿಡಿಸುವುದು ಅದೇ. ಮರದ ಸಸ್ಯಶಾಸ್ತ್ರದ ಹೆಸರು ಸಪಿಂಡಸ್. ಅದರ ಅರ್ಥವೇ ಭಾರತದ ಸೋಪು. ಆದರೆ ಇದು ನಿಜವಾದ ಸೋಪಲ್ಲ. ಸೋಪು ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡುವಂಥದ್ದು, ಅದು ಕ್ಷಾರ. ಅಂಟುವಾಳದ ನೀರು ಸ್ವಲ್ಪ ಹುಳಿ ಕಡೆಗೆ ಇರುತ್ತದೆ. ಈ ವ್ಯತ್ಯಾಸ ರೇಷ್ಮೆಯ ವಿಷಯಕ್ಕೆ ಬಂದಾಗ ಮುಖ್ಯವಾಗುತ್ತದೆ.

ನೀರು ಮಾಡುವುದು

ತೋಟದಲ್ಲಿ ಮರ ಇದ್ದರೆ ಉದುರಿದ ಹಣ್ಣನ್ನು ಹೆಕ್ಕಿ, ಕಾಫಿ ಕಣ ಖಾಲಿಯಾದ ಮೇಲೆ ಅಲ್ಲೇ ಒಣಗಿಸಿ. ಇಲ್ಲದಿದ್ದರೆ ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ಗ್ರಂದಿಗೆ ಅಂಗಡಿಯಲ್ಲಿ ಕೇಳಿ. ಜೂನ್ ಬರುವ ಮೊದಲೇ ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿಸಿಡಿ. ನಮ್ಮ ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಅಂಟುವಾಳ ಬಿಟ್ಟೀತೇ?

ಹದಿನೈದು ಕಾಯಿ ಜಜ್ಜಿ ಬೀಜ ತೆಗೆಯಿರಿ. ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಅದೇ ನೀರಿನ ಜೊತೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು, ಯಾಕೆ ಅಂತ ಹೇಳಿಯಾಯಿತಲ್ಲ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ, ಹಳೇ ಪಂಚೆಯ ತುಂಡಲ್ಲಿ ಸೋಸಿ. ಚಹಾ ಬಣ್ಣದ, ಹುಳಿ ವಾಸನೆಯ ನೀರು ಸಿಗುತ್ತದೆ. ಇದರಲ್ಲಿ ಕೆಡದ ಹಾಗೆ ಇಡುವ ಔಷಧಿ ಏನೂ ಇಲ್ಲ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ. ಫ್ರಿಡ್ಜ್‌ನಲ್ಲಿ ಒಂದು ವಾರ ಇಡಬಹುದು. ಬಾಟಲಿ ಮೇಲೆ ಹೆಸರು ಬರೆದಿಡಿ, ಜ್ಯೂಸ್ ಅಂತ ಯಾರಾದರೂ ಕುಡಿದಾರು.

ಚೇಲೆ ಮತ್ತು ರೇಷ್ಮೆ ಸೀರೆ

ಅಂಟುವಾಳ ನಿಜಕ್ಕೂ ಗೆಲ್ಲುವುದು ಇಲ್ಲಿ. ಚೇಲೆ ಅಂದರೆ ಕೊಡವ ಗಂಡಸರು ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ. ಮದುವೆ ಮುಗಿಸಿ ಬಂದ ಕೆಂಪು ಚೇಲೆಗೆ ಸೊಂಟದ ಬೆವರು, ಊಟದ ಎಣ್ಣೆ ಎಲ್ಲ ಹತ್ತಿರುತ್ತದೆ. ಬಟ್ಟೆ ತೊಳೆಯುವ ಪುಡಿ ಹಾಕಿದರೆ ಅದರ ಕ್ಷಾರಕ್ಕೆ ರೇಷ್ಮೆಯ ಹೊಳಪು ಹೋಗುತ್ತದೆ. ರೇಷ್ಮೆ ಕೂಡ ನಮ್ಮ ಕೂದಲಿನ ಹಾಗೆ ಪ್ರೋಟೀನೇ, ಅಲ್ವಾ?

ಮೊದಲು ಬಣ್ಣ ಪರೀಕ್ಷೆ. ಬಿಳಿ ಬಟ್ಟೆಯನ್ನು ಅಂಟುವಾಳದ ನೀರಲ್ಲಿ ಅದ್ದಿ ಚೇಲೆಯ ಒಳ ಮೂಲೆಗೆ ಒತ್ತಿ ಹಿಡಿಯಿರಿ. ಕೆಂಪು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಡ್ರೈಕ್ಲೀನಿಂಗ್‌ಗೆ ಕೊಡಿ. ಬಿಡದಿದ್ದರೆ ಅರ್ಧ ಬಕೆಟ್ ತಣ್ಣೀರಿಗೆ ಅರ್ಧ ಲೋಟ ಅಂಟುವಾಳದ ನೀರು ಬೆರೆಸಿ, ಚೇಲೆಯನ್ನು ಅದರಲ್ಲಿ ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ. ಐದು ನಿಮಿಷ ಸಾಕು. ಉಜ್ಜಬೇಡಿ, ಹಿಂಡಬೇಡಿ. ಎರಡು ಸಲ ಬರೀ ನೀರಲ್ಲಿ ಜಾಲಾಡಿಸಿ, ಒಣ ಟವೆಲ್‌ನಲ್ಲಿ ಸುತ್ತಿ ನೀರು ಹೀರಿಸಿ, ನೆರಳಲ್ಲಿ ಹರಡಿ. ರೇಷ್ಮೆ ಸೀರೆಗೂ ಇದೇ ಕ್ರಮ. ಅಜ್ಜನ ಕಾಲದ, ಜರಿ ಜಾಸ್ತಿ ಇರುವ ಹಳೇ ಚೇಲೆಗೆ ಮಾತ್ರ ಕೈ ಹಾಕಬೇಡಿ. ಜುಲೈಯಲ್ಲಂತೂ ಯಾವ ಚೇಲೆಯನ್ನೂ ಒದ್ದೆ ಮಾಡಬೇಡಿ. ಒಣಗುವುದಿಲ್ಲ.

ಮೈಗೆ, ಕೂದಲಿಗೆ

ಕಾಫಿ ಕೊಯ್ದು ಬಂದ ಕೈ ಕಪ್ಪಾಗಿ ಅಂಟಂಟಾಗಿರುತ್ತದೆ. ನೆನೆಸಿದ ಎರಡು ಸಿಪ್ಪೆಯನ್ನು ಅಂಗೈಯಲ್ಲಿಟ್ಟು ಉಜ್ಜಿದರೆ ಅಂಟು ಬಿಡುತ್ತದೆ. ಕಪ್ಪು ಪೂರ್ತಿ ಹೋಗುವುದಿಲ್ಲ, ಸುಳ್ಳು ಹೇಳಲಾರೆ.

ತಲೆಗೆ ಹಾಕುವಾಗ ಅಷ್ಟೇ ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ. ಎಣ್ಣೆ ಹಚ್ಚಿದ ಕೂದಲಿಗೆ ಒಳ್ಳೆಯದು. ಸುಮ್ನೆ ಒಣ ಕೂದಲಿಗೆ ಹಾಕಿದರೆ ತೆಂಗಿನ ನಾರಿನ ಹಾಗಾಗುತ್ತದೆ. ಆಮೇಲೆ ದಾಸವಾಳ ಸೊಪ್ಪಿನ ಗೊಂಪು (ಲೋಳೆ) ಹಚ್ಚಿದರೆ ಮೆತ್ತಗಾಗುತ್ತದೆ. ಕಣ್ಣಿಗೆ ಒಂದು ಹನಿ ಹೋದರೂ ಉರಿ ತಡೆಯಲಾಗದು, ತಕ್ಷಣ ತುಂಬ ನೀರಲ್ಲಿ ತೊಳೆಯಬೇಕು. ಹಾಗಾಗಿ ಸಣ್ಣ ಮಕ್ಕಳಿಗೆ ನಾನು ಹಾಕುವುದಿಲ್ಲ. ಮೊದಲ ಸಲವಾದರೆ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ.

ಪಾತ್ರೆ, ನೆಲ, ಚಿನ್ನ

ನೆಲಕ್ಕೆ ಅರ್ಧ ಬಕೆಟ್ ನೀರಿಗೆ ಕಾಲು ಲೋಟ. ಜಾಸ್ತಿಯಾದರೆ ನನ್ನ ಕಥೆಯೇ.

ಪಂದಿ ಕರಿ (ಹಂದಿ ಮಾಂಸದ ಪದಾರ್ಥ) ಮಾಡಿದ ಪಾತ್ರೆಗೆ ನೇರ ಅಂಟುವಾಳ ಹಾಕಿ ಪ್ರಯೋಜನ ಇಲ್ಲ. ಗಟ್ಟಿಯಾದ ಕೊಬ್ಬನ್ನು ಕಾಗದದಲ್ಲಿ ಒರೆಸಿ, ಬಿಸಿನೀರು ಹಾಕಿ, ಆಮೇಲೆ ಉಜ್ಜಿ. ಆಗಲೂ ಎರಡು ಸಲ ಉಜ್ಜಬೇಕಾಗಬಹುದು. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣಿನ ಜೊತೆ ಬಳಸಿ. ಸೋಪಿಗೆ ಹುಳಿ ಸೇರಿಸಿದರೆ ಸೋಪು ಒಡೆದು ಬಿಳಿ ಮೊಸರಿನ ಹಾಗಾಗುತ್ತದೆ, ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಲಿಯಲ್ಲೂ ಹಿತ್ತಾಳೆ ಹೊಳೆಯುತ್ತದೆ, ಆದರೆ ಅದರ ಬೆಲೆ ನೋಡಿದರೆ ಅದು ಪಂದಿ ಕರಿಗೇ ಇರಲಿ. ಚಿನ್ನದ ಒಡವೆಯನ್ನು ಅಕ್ಕಸಾಲಿಗರು ತೊಳೆಯುವುದೂ ಇದೇ ಕಾಯಿಯಲ್ಲಿ: ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್, ಅಷ್ಟೇ.

ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ಬಚ್ಚಲಿಗೆ ಇದನ್ನು ನಂಬಬೇಡಿ. ಅಲ್ಲಿಗೆ ಬ್ಲೀಚಿಂಗ್ ಪೌಡರೇ ಆಗಬೇಕು. ಬಿಳಿ ಅಂಗಿಗೂ ಬೇಡ, ದಿನ ಹೋದ ಹಾಗೆ ಮಂಕಾಗುತ್ತದೆ.

ಇನ್ನೊಂದು ಮಾತು. ಮರದಿಂದ ಬಂದದ್ದಲ್ವಾ ಅಂತ ಬಕೆಟ್ ನೀರನ್ನು ತೋಡಿಗೋ ಕೆರೆಗೋ ಚೆಲ್ಲಬೇಡಿ. ಸಪೋನಿನ್ ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ಇಂಥ ಕಾಯಿ, ತೊಗಟೆಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ಇತ್ತು. ನಮ್ಮ ಮನೆಯ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತದೆ. ಹಿಂಡಿದ ಸಿಪ್ಪೆಯನ್ನೂ ಅಲ್ಲೇ ಹಾಕುತ್ತೇವೆ.