ಕುಂಡದ ಸೇಬು ಸೊರಗಿದರೆ ಮೊದಲು ಬೇರು ನೋಡಿ

ಪುಣೆಯ ಟೆರೇಸಿನಲ್ಲಿ ಅನ್ನಾ, ಡಾರ್ಸೆಟ್ ಗೋಲ್ಡನ್ ತಳಿಯ ಗಿಡ್ಡ ಸೇಬು ಇಟ್ಟವರ ಗಮನಕ್ಕೆ. ಮಳೆಗಾಲದಲ್ಲಿ ಎಲೆ ಹಳದಿಯಾಗಿ ಉದುರಿತೆಂದು ಗೊಬ್ಬರ ಸುರಿಯಬೇಡಿ. ಇಲ್ಲಿನ ಕಪ್ಪು ಮಣ್ಣು ಕುಂಡದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಗಾಳಿಯೇ ಸಿಗುವುದಿಲ್ಲ.

ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹೊರತೆಗೆಯಿರಿ. ಒಳ್ಳೆಯ ಬೇರನ್ನು ಉಗುರಿನಿಂದ ಕೆರೆದರೆ ಒಳಗೆ ಬಿಳಿ, ಗಟ್ಟಿ. ಕೊಳೆತದ್ದು ಕಂದು, ಹಿಸುಕಿದರೆ ಸಿಪ್ಪೆ ಜಾರಿ ನಾರಷ್ಟೇ ಕೈಗೆ ಬರುತ್ತದೆ, ಕೆಟ್ಟ ವಾಸನೆ ಬೇರೆ. ಅದನ್ನೆಲ್ಲ ಕತ್ತರಿಸಿ ತೆಗೆಯಿರಿ. ಕುಂಡ ಬದಲಿಸಲು ಡಿಸೆಂಬರ್-ಜನವರಿ ಒಳ್ಳೆಯ ಕಾಲ, ಆದರೆ ಕೊಳೆತ ಬೇರು ಅಲ್ಲಿಯವರೆಗೆ ಕಾಯುವುದಿಲ್ಲ.

ಹೊಸ ಕುಂಡಕ್ಕೆ ತುಂಬುವ ಮಿಶ್ರಣ: ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಹಳೆಯ ಕಾಂಪೋಸ್ಟ್ ಮತ್ತು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಬೇರು ಬಹಳ ಹೋಗಿದ್ದರೆ 12 ಇಂಚಿನ ಕುಂಡ ಸಾಕು, ಚೇತರಿಸಿದ ಮೇಲೆ 18 ಇಂಚಿನದು. ಕಸಿ ಗಂಟು (ಕಸಿ ಕಟ್ಟಿದ ಜಾಗದ ಉಬ್ಬು) ಮಣ್ಣಿನಿಂದ ಮೂರು ಇಂಚು ಮೇಲಿರಲಿ. ಹೂತುಬಿಟ್ಟರೆ ಮೇಲಿನ ತಳಿಯೇ ಬೇರು ಬಿಟ್ಟು ಗಿಡ ಎತ್ತರಕ್ಕೆ ಹೋಗುತ್ತದೆ. ಹೊಸ ಚಿಗುರು ಬರುವತನಕ ಗೊಬ್ಬರ ಬೇಡ. ಕುಂಡದ ಕೆಳಗಿನ ತಟ್ಟೆಯನ್ನೂ ತೆಗೆದುಬಿಡಿ.

ಬೇರು ಚೆನ್ನಾಗಿದ್ದೂ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡಸು ನೀರು ಹಾಕುವಲ್ಲಿ ಇದು ಸಾಮಾನ್ಯ. ಚಿಲೇಟೆಡ್ ಐರನ್ (ಬೇರು ಸುಲಭವಾಗಿ ಹೀರುವ ರೂಪದ ಕಬ್ಬಿಣ) ಕೊಡಿ, ಸಾಧ್ಯವಾದರೆ ಮಳೆನೀರು ಹಿಡಿದಿಡಿ.

ಕೊಂಬೆಯ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಗಿಡದ ರಸ ಹೀರುವ ಉಣ್ಣೆ ಹೇನು (ವೂಲಿ ಏಫಿಡ್). ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಸೊರಗಿದ ಗಿಡದಲ್ಲಿ ಕಾಯಿ ಕಚ್ಚಿದ್ದರೆ, ಹೊಟ್ಟೆ ಉರಿದರೂ ಸರಿ, ಈ ವರ್ಷ ಅಷ್ಟನ್ನೂ ಕಿತ್ತುಹಾಕಿ.